ಒಂದು ಪಟ್ಟೆ ಕಮ್ಮಿಯ ಬಾತು

ಮಾವ,

ಕನ್ನಡಕ ಹಾಕಿಕೊಂಡು ಓದು. ಅತ್ತೆ ಅದನ್ನು ಇನ್ನೂ ಪಂಚಾಂಗದ ಹಿಂದೆಯೇ ಇಟ್ಟಿದ್ದಾಳೆ. ನಿನ್ನ ಅಕ್ಕನ ಮಗಳು ಗಿರಿಜೆ, ತುರುವೇಕೆರೆ ಹೈಸ್ಕೂಲಿನಲ್ಲಿ ಸೈನ್ಸ್ ಹೇಳುವವಳು, ವಿಮಾನ ಹತ್ತಿ ಹಾಲೆಂಡಿಗೆ ಹೋಗಿಬಂದಳು ಎಂದರೆ ನಂಬುತ್ತೀಯಾ? ದೇಶದಿಂದ ದೇಶಕ್ಕೆ ಹಾರುವ ಹಕ್ಕಿಗಳನ್ನು ಉಳಿಸುವ ಬಗ್ಗೆ ಅಲ್ಲೊಂದು ಸಭೆ ಇತ್ತು. ಹೋಗಬೇಕಿದ್ದ, ಕಾಲೇಜಿನಲ್ಲಿ ನನಗೆ ಕಲಿಸಿದ ಪ್ರೊಫೆಸರರಿಗೆ ಹುಷಾರು ತಪ್ಪಿ, ನನ್ನ ಹೆಸರು ಕೊಟ್ಟುಬಿಟ್ಟರು. ನಮ್ಮ ಬೋರನಕಣಿವೆ ಜಲಾಶಯವನ್ನು ಅಲ್ಲಿ ಮಾಡುವ, ಕಾಪಾಡಬೇಕಾದ ಜಾಗಗಳ ಪಟ್ಟಿಗೆ ಸೇರಿಸಿಕೊಂಡು ಬಂದರೆ, ಬಾತು ಹೊಡೆಯಲು ಕೋವಿ ಹಿಡಿದು ಬರುವ ಜೀಪುಗಳನ್ನು ತಡೆಯಿರಿ ಎಂದು ಸರ್ಕಾರವನ್ನು ಕೇಳಬಹುದು ಎಂದಿದ್ದರು. ಆದರೆ ಈ ಕಾಗದ ವಿಮಾನದ ಕಥೆ ಹೇಳುವುದಕ್ಕಲ್ಲ. ನಮ್ಮಿಬ್ಬರ ಜಗಳ ಇನ್ನೂ ಮುಗಿದಿಲ್ಲ.

ಚಳಿಗಾಲಕ್ಕೆ ಆ ನೀರಿಗೆ ಬರುವ ಬಾತುಗಳನ್ನು ನೀನು ಮೊದಲ ಸಲ ತೋರಿಸಿದಾಗ ನನಗೆ ಎಂಟು ವರ್ಷ. ಬಿಳಿ ತಲೆ, ಹಿಂದೆ ಎರಡು ಕಪ್ಪು ಪಟ್ಟೆ. ನೀನು ಹಣೆಯ ಮೂರು ಪಟ್ಟೆ ವಿಭೂತಿ ಮುಟ್ಟಿಕೊಂಡು, "ನಮ್ಮೋವೇ ಕಣವ್ವ, ಒಂದು ಪಟ್ಟೆ ಕಮ್ಮಿ ಅಷ್ಟೆ" ಎಂದೆ. ನಾನು ಪೂರ್ತಿ ನಂಬಿದ್ದೆ. ನೀನೂ ನಂಬಿದ್ದೆ ಎನ್ನುವುದು ಮಾತ್ರ ಬಹಳ ತಡವಾಗಿ ಗೊತ್ತಾಯಿತು.

ಜೀಪಿನವರು ಹೊಡೆದ ಬಾತು ನಿನ್ನ ತೋಟಕ್ಕೆ ಬಂದು ಬಿದ್ದ ವಾರ ನಾನು ಊರಿಗೆ ಬಂದಿದ್ದೆ. ಅವರು ಹುಡುಕಿಕೊಂಡು ಬಂದಾಗ ನೀನು "ನಾನ್ಯಾವ ಬಾತೂ ಕಾಣೆ ಕಣ್ರೀ" ಎಂದು ಸುಳ್ಳು ಹೇಳಿ ಕಳಿಸಿದ್ದೆಯಂತೆ. ಅದರ ಕಾಲಿನಲ್ಲೊಂದು ಉಂಗುರ ಇತ್ತು ಎಂದು ಅತ್ತೆ ಹೇಳಿದ್ದೇ ತಡ, ನಾನು ಕುಣಿದುಬಿಟ್ಟೆ. ಎಲ್ಲಿಂದ ಬಂದದ್ದು ಎಂದು ತಿಳಿಯಲು ದೂರದ ದೇಶದವರು ನಂಬರ್ ಕೆತ್ತಿ ತೊಡಿಸುವ ಉಂಗುರ ಅದು. ಅಷ್ಟರಲ್ಲಿ ನೀನು ಗುಂಡಿ ತೆಗೆದು, ಬಾತನ್ನು ಕೂರಿಸಿ, ವಿಭೂತಿ ಇಟ್ಟು ಮಣ್ಣು ಮಾಡಿಯಾಗಿತ್ತು. ಉಂಗುರದ ಸಮೇತ.

"ಬಿಚ್ಚಿಟ್ಕೋಬಾರ್ದಿತ್ತಾ ಮಾವ?"

"ಮೈಮೇಲೆ ಕಟ್ಟಿರೋದ್ನ ಬಿಚ್ಕೊಂಡು ಮಣ್ಣಿಗೆ ಕಳಿಸ್ತಾರೇನವ್ವ? ನಮ್ಮೋರಲ್ಲಿ ಯಾರಿಗಾದ್ರೂ ಹಂಗೆ ಮಾಡೀವಾ?"

ಕೊರಳಿನ ಲಿಂಗ ಸತ್ತವರ ಜೊತೆಯಲ್ಲೇ ಹೋಗಬೇಕು, ಸರಿ. ಬಾತಿನ ಕಾಲಿನ ಉಂಗುರವನ್ನೂ ನೀನು ಅದೇ ಸಾಲಿಗೆ ಸೇರಿಸಿದ್ದೆ. "ನಿನ್ನಂಥ ದಡ್ಡನನ್ನ ನಾನು ನೋಡಿಲ್ಲ" ಎಂದುಬಿಟ್ಟೆ. ಅತ್ತೆಯ ಎದುರಿಗೇ ಅಂದೆ. ನೀನು ಹೂತ ಜಾಗ ಹೇಳಲಿಲ್ಲ, ನಾನು ಏಳು ತಿಂಗಳು ನಿಮ್ಮ ಹೊಸಿಲು ತುಳಿಯಲಿಲ್ಲ. ಎಂಟನೆಯ ತಿಂಗಳು ಬಂದಾಗ ನಿನ್ನನ್ನು ಗೋಡೆಗೊರಗಿಸಿ ಕೂರಿಸಿ ಹಾರ ಹಾಕಿದ್ದರು. ಅಂಗಳದಲ್ಲಿ ನಿನ್ನನ್ನು ಹೊತ್ತೊಯ್ಯುವ ವಿಮಾನಕ್ಕೆ ಬಾಳೆಕಂದು ಕಟ್ಟುತ್ತಿದ್ದರು. ತಪ್ಪಾಯ್ತು ಅಂತ ಯಾರಿಗೆ ಹೇಳಲಿ...

ಹಾಲೆಂಡಿಗೆ ಹೊರಡುವ ಒಂದು ವಾರ ಮೊದಲು ಅಲ್ಲಿಂದ ಕಾಗದ ಬಂತು. ನಿಮ್ಮ ನೀರಿಗೆ ಹಕ್ಕಿಗಳು ಅಷ್ಟು ದೂರದಿಂದ ಬರುತ್ತವೆ ಎನ್ನುವುದಕ್ಕೆ ಆಧಾರ ಬೇಕು, ನಿಮ್ಮ ಪ್ರೊಫೆಸರರು ಬರೆದು ತಿಳಿಸಿದ್ದ ಆ ಉಂಗುರ ತನ್ನಿ ಎಂದು. ಓಡಿಬಂದೆ. ಅತ್ತೆ ತೋಟದ ಕೊನೆಗೆ ಕರೆದುಕೊಂಡು ಹೋಗಿ ಐದು ವರ್ಷದ ತೆಂಗಿನ ಗಿಡವೊಂದನ್ನು ತೋರಿಸಿದಳು. "ಇದ್ರ ಬುಡದಾಗೈತೆ. ಅವತ್ತೇ ನೆಟ್ರು." ಇನ್ನೂ ಒಂದು ಹೊಂಬಾಳೆ ಬಿಟ್ಟಿರಲಿಲ್ಲ. ಬೇರು ಕಡಿಯದೆ ಕೈ ಹಾಕುವಂತಿರಲಿಲ್ಲ.

ಹಾರೆ ತಂದೆ. ಅತ್ತೆ ಅಡ್ಡ ಬರಲಿಲ್ಲ. "ಅಗೀತೀಯೇನೇ, ಅಗಿ. ನಾನು ಬ್ಯಾಡ ಅನ್ನಕಿಲ್ಲ. ಅವ್ರನ್ನ ಇನ್ನೊಂದು ಸಲ ದಡ್ಡ ಅಂದಂಗಾಯ್ತದೆ, ನೋಡ್ಕೋ." ಎರಡು ಏಟು ಹಾಕಿದೆ. ಮೂರನೆಯದಕ್ಕೆ ಎತ್ತಿದ ಹಾರೆ ಬೆವರಿಗೆ ಕೈಯಲ್ಲಿ ಜಾರುತ್ತಿತ್ತು. ಉಂಗುರ ಸಿಕ್ಕರೆ ಸಾವಿರಾರು ಬಾತುಗಳು ಉಳಿಯಬಹುದು. ಸಿಗದಿದ್ದರೆ ಜೀಪುಗಳು ಈ ವರ್ಷವೂ ಬರುತ್ತವೆ. ನೀನಾಗಿದ್ದರೆ ಏನು ಮಾಡುತ್ತಿದ್ದೆ ಹೇಳು? ನಾನಂತೂ ಹಾರೆ ಕೆಳಗಿಟ್ಟು ಮಣ್ಣು ಮುಚ್ಚಿದೆ. ನಿನ್ನ ಮೇಲಿನ ಮರ್ಯಾದೆಗೋ, ಹೆದರಿಕೆಗೋ, ಇವತ್ತಿಗೂ ಗೊತ್ತಿಲ್ಲ.

ಸಭೆಯಲ್ಲಿ ನನ್ನ ಸರದಿ ಬಂದಾಗ ಅವರು ಕೇಳಿದ ಮೊದಲ ಮಾತೇ, ಉಂಗುರ ಎಲ್ಲಿ? ಕಳೆದುಹೋಯಿತು ಎಂದರೆ ಮುಗಿದಿತ್ತು. ಆದರೆ ತಡವರಿಸುವ ಇಂಗ್ಲಿಷಿನಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದೆ: ಎರಡು ಪಟ್ಟೆ, ವಿಭೂತಿ, ಗುಂಡಿ, ತೆಂಗಿನ ಗಿಡ. ಹಿಂದೆ ಯಾರೋ ನಕ್ಕರು. ಮೇಜಿನ ಕೆಳಗೆ ಸೆರಗು ಹಿಂಡುತ್ತಾ ಕೂತೆ. ಆಗ ರಷ್ಯಾ ಕಡೆಯ ಮುದುಕರೊಬ್ಬರು ಎದ್ದರು. ಬೆಟ್ಟದ ಮೇಲಿನ ಸರೋವರಗಳಲ್ಲಿ ಈ ಬಾತುಗಳಿಗೆ ಉಂಗುರ ತೊಡಿಸುವವರೇ ಅವರು. "ನನಗೆ ವಾಪಸ್ ಬಂದ ಉಂಗುರಗಳನ್ನೆಲ್ಲ ಕೋವಿ ಇಟ್ಟುಕೊಂಡವರೇ ಕಳಿಸಿದ್ದು. ಹಕ್ಕಿಗೆ ಮಣ್ಣು ಕೊಟ್ಟವರ ಸುದ್ದಿ ಇದೇ ಮೊದಲು" ಎಂದರು. ಆದರೂ ಆಧಾರ ಆಧಾರವೇ. ಬೋರನಕಣಿವೆಯ ಹೆಸರನ್ನು ಪೆನ್ಸಿಲಿನಲ್ಲಿ ಬರೆದುಕೊಂಡರು. ಮುಂದಿನ ಸಭೆಯೊಳಗೆ ಒಂದು ನಂಬರಾದರೂ ತಂದರೆ ಮಸಿಯಲ್ಲಿ ಬರೆಯುತ್ತಾರಂತೆ.

ಟೀ ಕುಡಿಯುವಾಗ ಆ ಮುದುಕರು ತಮ್ಮ ಪುಸ್ತಕ ತೋರಿಸಿದರು. ಒಂದೊಂದು ಸಾಲೂ ಒಂದೊಂದು ಬಾತು. ಕೆಲವು ಸಾಲುಗಳ ಮೇಲೆ ಕೆಂಪು ಗೀಟು. ಉಂಗುರ ವಾಪಸ್ ಬಂದ ಮೇಲೆಯೇ, ಆ ಬಾತು ಸತ್ತಿತೆಂದು ಗೀಟು ಎಳೆಯುವುದಂತೆ. ನಂಬರ್ ತಿಳಿಯದಿದ್ದರೆ ಯಾವ ಸಾಲಿಗೆ ಎಳೆಯಲಿ, ಸಿಕ್ಕಿದರೆ ಬರೆಯಿರಿ ಎಂದರು. ನಾನು ಹೂಂ ಎಂದು ತಲೆಯಾಡಿಸಿದೆ. ಅದು ಸುಳ್ಳು, ಮಾವ. ನೀನು ಜೀಪಿನವರಿಗೆ ಹೇಳಿದಂಥದ್ದೇ.

ಈ ಸಲ ಬಾತುಗಳು ಬಂದಿವೆ. ಭಾನುವಾರ ಭಾನುವಾರ ದುರ್ಬೀನು ಹಿಡಿದು ಏರಿಯ ಮೇಲೆ ಕೂರುತ್ತೇನೆ. ಜೀವ ಇರುವ ಬಾತಿನ ಕಾಲಿನಿಂದಲೇ ಒಂದು ನಂಬರ್ ಓದಿ, ಆ ಪೆನ್ಸಿಲನ್ನು ಮಸಿ ಮಾಡಿಸುತ್ತೇನೆ. ನಿನ್ನ ಗಿಡದ ಬುಡ ಮುಟ್ಟುವುದಿಲ್ಲ. ನೀನು ಉಂಗುರ ಬಿಚ್ಚಿಕೊಟ್ಟಿದ್ದರೆ ನಾನೇ ಕಳಿಸಿ ಗೀಟು ಎಳೆಸಿರುತ್ತಿದ್ದೆ. ಈಗ ಅವರ ಪುಸ್ತಕದಲ್ಲಿ ನಿನ್ನ ಬಾತು ಇನ್ನೂ ಹಾರುತ್ತಿದೆ.

ನಿನ್ನ
ಗಿರಿಜೆ