ಬಾಗಿಲಾಚೆ ನಿಂತವರು

ಕಳಸ, ೧೯ ಜನವರಿ, ಸೋಮವಾರ

ಸಂಜೆಯಿಂದ ಅದೇ ಮಾತು ತಲೆಯಲ್ಲಿ ಸುತ್ತುತ್ತಿದೆ.

ಮೊದಲ ವರ್ಷದ ಬಿ.ಕಾಂ.ನ ಸುಕನ್ಯಾ ಟಿ.ಸಿ. ಬೇಕೆಂದು ಬಂದಿದ್ದಳು. ಸಂಸೆ ಕಡೆಯ ಎಸ್ಟೇಟಿನಲ್ಲಿ ಆಳುಗಳಿರುವ ಲೈನ್‌ಮನೆಯ ಹುಡುಗಿ. ಆ ಮನೆಯಿಂದ ಕಾಲೇಜಿಗೆ ಬಂದವಳು ಇವಳೇ ಮೊದಲು. ನಾನು ಕಲಿಸುವ ಅಕೌಂಟ್ಸ್ ತಲೆಗೆ ಹತ್ತುತ್ತಿಲ್ಲವಂತೆ. ನನಗೆ ರೇಗಿತು. ಅರ್ಥವಾಗದಿದ್ದರೆ ಸಂಜೆ ಸ್ಟಾಫ್ ರೂಮಿಗೆ ಬನ್ನಿ ಎಂದು ಬಾಯಿ ನೋಯುವಷ್ಟು ಹೇಳಿದ್ದೇನೆ. ಒಬ್ಬರೂ ಬಂದಿಲ್ಲ.

"ಒಂದಿನ ಆದ್ರೂ ಬಂದು ಕೇಳಿದ್ದೀಯೇನೆ?" ಅಂದೆ.

"ದಿನಾ ಬರ್ತಿದ್ದೆ ಮೇಡಂ. ಬಸ್ಸು ಬರೋ ತನಕ ಬಾಗಿಲ ಹತ್ರ ನಿಂತಿರ್ತಿದ್ದೆ. ನೀವು ಕರೀಲಿಲ್ಲ."

ದೂರುವ ದನಿಯಲ್ಲ, ಸುಮ್ಮನೆ ನಡೆದದ್ದನ್ನು ಹೇಳಿದಳು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಎಸ್ಟೇಟುಗಳಿಗೆ ಹೋದಾಗ ನಾನೇ ನೋಡಿದ್ದೇನೆ. ಹಾಜರಿ, ಕೂಲಿ ಲೆಕ್ಕ ಬರೆಯುವ ರೈಟರ್ ಹೆಸರು ಹಿಡಿದು ಕರೆಯುವ ತನಕ ಆಳುಗಳು ಆಫೀಸಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ಇಡೀ ಕ್ಲಾಸಿಗೆ ಬನ್ನಿ ಎಂದಿದ್ದು ಈ ಹುಡುಗಿಯ ಪಾಲಿಗೆ ಕರೆದ ಹಾಗಲ್ಲ.

ಪಕ್ಕದ ಕುರ್ಚಿ ಎಳೆದು ಕೂರು ಅಂದೆ. ತುದಿಯಲ್ಲಿ ಕೂತಳು. ಎರಡು ಲೆಕ್ಕ ಬಿಡಿಸಿ ತೋರಿಸಿದೆ, ಮೂರನೆಯದನ್ನು ತಾನೇ ಮಾಡಿದಳು. ದಡ್ಡಿ ಅಲ್ಲವೇ ಅಲ್ಲ. ಟಿ.ಸಿ. ವಿಷಯ ಇಬ್ಬರೂ ಮತ್ತೆ ಎತ್ತಲಿಲ್ಲ. ನಾಳೆ ಬರುತ್ತಾಳೋ ಇಲ್ಲವೋ.

ನನ್ನ ಮೇಜನ್ನು ವರಾಂಡಕ್ಕೆ ಹಾಕಿಸಬೇಕು. ಪ್ರಿನ್ಸಿಪಾಲರು ಗೊಣಗುತ್ತಾರೆ, ಗೊಣಗಲಿ.

ಅವಳನ್ನು ಕಳಿಸಲು ಹೊರಗೆ ಬಂದಾಗ ಕಂಬದ ಪಕ್ಕ ಇನ್ನಿಬ್ಬರು ಪುಸ್ತಕ ಹಿಡಿದು ನಿಂತಿದ್ದರು. ದಿನಾ ನೋಡುತ್ತಿದ್ದೆ ಅವರನ್ನು. ಬಸ್ಸಿಗೆ ಕಾಯುತ್ತಿದ್ದಾರೆ ಅಂದುಕೊಂಡಿದ್ದೆ.