ಪಕ್ಕದ ಸಾಲಿನ ಅಜ್ಜ

ಅಜ್ಜೀ, ನಾವಿಬ್ಬರೂ ಕ್ಷೇಮ.

ಅಂತೂ ಯುದ್ಧದಲ್ಲಿ ಮಡಿದ ಅಜ್ಜನನ್ನು ಮಣ್ಣು ಮಾಡಿದ ಸೈನಿಕರ ಸ್ಮಶಾನ ಸಿಕ್ಕಿತು. ಮಾವ ಕನ್ನಡಕವನ್ನು ಕೋಣೆಯಲ್ಲೇ ಮರೆತು ಬಂದು, ಒಂದು ಕಲ್ಲನ್ನು ತಬ್ಬಿಕೊಂಡು ಗೋಳೋ ಎಂದು ಅತ್ತ. ನಾನೂ ದನಿಗೂಡಿಸಿದೆ.

ಬಾಗಿಲಲ್ಲಿ ಅಜ್ಜನ ಹೆಸರು ಕೇಳಿಕೊಂಡಿದ್ದ ಕಾವಲುಗಾರ ಮೆಲ್ಲಗೆ ಬಂದು, "ನಿಮ್ಮವರು ಪಕ್ಕದ ಸಾಲಲ್ಲಿದ್ದಾರೆ. ಪರವಾಗಿಲ್ಲ ಬಿಡಿ, ಇವರಿಗಾಗಿ ಅಳೋಕೆ ಇದುವರೆಗೂ ಯಾರೂ ಬಂದಿರಲಿಲ್ಲ" ಎಂದ. ಮಾವ ಮೂಗು ಒರೆಸಿಕೊಂಡು ಅಜ್ಜನಿಗೆಂದು ತಂದ ಹೂಗಳಲ್ಲಿ ಅರ್ಧವನ್ನು ಅಲ್ಲೇ ಇಟ್ಟ.

ಅಜ್ಜನ ಮುಂದೆ ಕೂತಾಗ ಕಣ್ಣೀರು ಖಾಲಿ. ನಿನ್ನ ಹೊಟ್ಟೆಯಲ್ಲಿದ್ದಾಗಲೇ ಅಪ್ಪನನ್ನು ಕಳೆದುಕೊಂಡ ಮಾವ, "ಅಪ್ಪಾ, ನನಗೆ ಅರವತ್ತು ದಾಟಿದ್ರೂ ಅಮ್ಮ ತಲೆಗೆ ಮೊಟಕ್ತಾಳೆ. ನೀನೇ ಸ್ವಲ್ಪ ಹೇಳು" ಎಂದು ಜೀವನದಲ್ಲಿ ಮೊದಲ ಸಲ ನಿನ್ನ ಮೇಲೆ ದೂರು ಶುರುಮಾಡಿದ.

ಅವನ ಮಂಡಿನೋವಿಗೆ ಮಾತ್ರೆ ಕೊಟ್ಟು, ಇಲ್ಲೇ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಕಾರ್ಡು ತುಂಬಿತು, ದೂರು ಮುಗಿದಿಲ್ಲ.

ನಿನ್ನ ಮೊಮ್ಮಗಳು