ಫೋಟೋದಲ್ಲಿ ಸಿಕ್ಕ ಕಾಲು

ಶನಿವಾರ, ಮಧ್ಯಾಹ್ನ ಒಂದೂವರೆ
ಗೋದಾಮಿನ ಗೇಟಿನ ಹೊರಗೆ, ವ್ಯಾನಿನಲ್ಲಿ ಕೂತು

ಪ್ರೀತಿಯ ಗುಬ್ಬೀ,

ಅಮ್ಮನ ಆಶೀರ್ವಾದ. ನಾನು ಚೆನ್ನಾಗಿದ್ದೇನೆ, ನೀನೂ ಚೆನ್ನಾಗಿರಬೇಕು ಎಂದು ಬರೆಯಬೇಕಲ್ಲ, ಬರೆದಾಯಿತು.

ಮೊದಲು ನಿನ್ನ ನೀಲಿ ಪಟ್ಟಿಯ ಚಪ್ಪಲಿಯ ವಿಷಯ. ನೀನು ಮೂರು ಸಲ ಕೇಳಿದೆ. ಒಂದು ಸಲ ನೋಡಿಲ್ಲ ಎಂದೆ. ಇನ್ನೊಂದು ಸಲ ನಾಯಿ ಎಳೆದುಕೊಂಡು ಹೋಗಿರಬೇಕು ಎಂದೆ. ಮೂರನೇ ಸಲ, "ಕೈತುಂಬ ಸಂಬಳ ಬರುತ್ತಲ್ಲ, ಹೊಸದು ತಗೊಳ್ಳೇ, ಅದಕ್ಕೂ ನನ್ನ ಪ್ರಾಣ ತಿನ್ಬೇಡ" ಅಂತ ರೇಗಿದೆ. ಮೊದಲೆರಡು ಸುಳ್ಳು, ಮೂರನೆಯದು ಸುಳ್ಳು ಮುಚ್ಚಲು ತೆಗೆದ ಜಗಳ. ಚಪ್ಪಲಿ ನನ್ನ ಹತ್ತಿರವೇ ಇತ್ತು. ವ್ಯಾನಿನ ಸೀಟಿನ ಕೆಳಗೆ, ಜಾಕಿಯ ಪಕ್ಕದಲ್ಲಿ, ಹಳೇ ಗೋಣಿಚೀಲದಲ್ಲಿ ಸುತ್ತಿ ಇಟ್ಟಿದ್ದೆ. ಈ ಕಾಗದದ ಜೊತೆ ಅದನ್ನೂ ಡಬ್ಬಿಗೆ ಹಾಕಿ ಕಳಿಸುತ್ತಿದ್ದೇನೆ. ನಮ್ಮ ಕಂಪನಿಯಲ್ಲಿ ಅಲ್ಲ, ಅಂಚೆಯಲ್ಲಿ. ಊರಿಗೆಲ್ಲ ಪಾರ್ಸೆಲ್ ಮುಟ್ಟಿಸುವವಳು ಸ್ವಂತ ಮಗಳಿಗೆ ಕಳಿಸಲು ಅಂಚೆ ಕಚೇರಿಯ ಮೆಟ್ಟಿಲು ಹತ್ತಬೇಕಾಗಿದೆ ನೋಡು.

ಫೋನು ಮಾಡಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ನಾನು ಒಂದು ಮಾತು ಆಡುವಷ್ಟರಲ್ಲಿ ನೀನು ನಾಲ್ಕು ಆಡುತ್ತೀಯ. ಹುಟ್ಟುಗುಣ, ನನ್ನಿಂದಲೇ ಬಂದದ್ದು. ಕಾಗದಕ್ಕೆ ಅಡ್ಡಬಾಯಿ ಹಾಕಲು ಆಗುವುದಿಲ್ಲ. ಮುಗಿಯುವವರೆಗೂ ಓದು, ಮಧ್ಯದಲ್ಲಿ ಮಡಚಿಡಬೇಡ.

ನನ್ನ ಮುಂದೆ ಇನ್ನೂ ಹದಿನಾಲ್ಕು ವ್ಯಾನುಗಳಿವೆ. ಎರಡನೇ ಸುತ್ತಿನ ಪಾರ್ಸೆಲ್ ತುಂಬಿಸಿಕೊಳ್ಳಲು ಸಾಲಿನಲ್ಲಿ ನಿಂತಿದ್ದೇವೆ. ಸಾಲು ತಪ್ಪಿದರೆ ಕೊನೆಗೆ ಹೋಗಬೇಕು, ಹಾಗಾಗಿ ಯಾರೂ ಇಳಿಯುವುದಿಲ್ಲ. ಸ್ಟೀರಿಂಗಿನ ಮೇಲೆ ರಟ್ಟು ಇಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಡ್ರೈವರ್ ಕಡೆಯ ಬಾಗಿಲು ಈಗಲೂ ಒಳಗಿನಿಂದ ತೆರೆಯುವುದಿಲ್ಲ. ಗಾಜು ಇಳಿಸಿ, ಕೈ ಹೊರಗೆ ಚಾಚಿ, ಹೊರಗಿನ ಹಿಡಿ ಎತ್ತಬೇಕು. ಅದನ್ನು ರಿಪೇರಿ ಮಾಡಿಸಲು ಒಂದು ದಿನ ವ್ಯಾನು ನಿಲ್ಲಿಸಬೇಕು. ನಿಲ್ಲಿಸಿದರೆ ನನ್ನ ಬೀದಿಗಳನ್ನು ಬೇರೆಯವರಿಗೆ ಕೊಟ್ಟುಬಿಡುತ್ತಾರೆ. ಅದಕ್ಕೇ ನಿನ್ನ ಅಮ್ಮ ದಿನಕ್ಕೆ ನೂರ ನಲವತ್ತು ಸಲ ಕಿಟಕಿಯಿಂದ ಕೈ ಹಾಕಿ ತನ್ನನ್ನು ತಾನೇ ಬಿಡುಗಡೆ ಮಾಡಿಕೊಳ್ಳುತ್ತಾಳೆ.

ಇಲ್ಲಿ ನಾವೆಲ್ಲ ಒಬ್ಬರನ್ನೊಬ್ಬರು 'ಮಾಲೀಕರೇ' ಅಂತ ಕರೆದುಕೊಳ್ಳುತ್ತೇವೆ. ಒಪ್ಪಂದದಲ್ಲಿ ಹಾಗೇ ಇದೆಯಲ್ಲ. ನಾವು ನೌಕರರಲ್ಲ, ಗುತ್ತಿಗೆದಾರರು, ಸ್ವಂತ ವ್ಯವಹಾರದ ಮಾಲೀಕರು. ಮೀಸೆ ಮಾಮ ಬೆಳಿಗ್ಗೆ ಕಂಡ ತಕ್ಷಣ, "ಏನ್ ಮಾಲೀಕರೇ, ಒಂದಕ್ಕೆ ಹೋಗೋಕೆ ಪರ್ಮಿಷನ್ ಸಿಕ್ತಾ?" ಎಂದು ಕೇಳುತ್ತಾರೆ. ವ್ಯಾನು ನಮ್ಮದು, ಅದರ ಮೈಮೇಲೆ ಹೆಸರು ಕಂಪನಿಯದು. ಬೇರೆಯವರ ಒಂದು ಚೀಲವನ್ನೂ ಅದರಲ್ಲಿ ಹಾಕುವಂತಿಲ್ಲ. ಯಾವ ಬೀದಿಗೆ ಮೊದಲು, ಯಾವುದಕ್ಕೆ ಆಮೇಲೆ, ಎಲ್ಲ ಅವರದೇ ಹುಕುಂ. ಕಾಲಿಗೆ ಕಪ್ಪು ಬೂಟು ಕಡ್ಡಾಯ. ಮಾಲೀಕರ ಬೂಟಿನ ಬಣ್ಣವನ್ನು ಬೇರೆಯವರು ಹೇಳುವುದನ್ನು ನಾನು ಇಲ್ಲೇ ನೋಡಿದ್ದು.

ಈಗ ಆ ದಿನದ ಮಾತಿಗೆ ಬರುತ್ತೇನೆ. ಎರಡು ವರ್ಷದ ಹಿಂದೆ ವ್ಯಾನಿನ ಮೆಟ್ಟಿಲಿನಿಂದ ಜಾರಿ ನನ್ನ ಎಡಗಾಲು ಉಳುಕಿತಲ್ಲ. ಕ್ಲಚ್ ಒತ್ತುವ ಕಾಲು. ಊದಿ ಬೂಟಿನೊಳಗೆ ಹೋಗಲಿಲ್ಲ. ಡಾಕ್ಟರು ಹತ್ತು ದಿನ ನೆಲಕ್ಕೆ ಊರಬೇಡಿ ಎಂದರು. ನಾನು ಸೂಪರ್‌ವೈಸರನಿಗೆ ಫೋನು ಮಾಡಿ ರಜೆ ಕೇಳಿದೆ. (ಎದುರಿಗೆ 'ಸಾರ್, ನೀವು' ಎನ್ನುತ್ತೇನೆ. ನನಗಿಂತ ಹದಿನೈದು ವರ್ಷ ಚಿಕ್ಕವನು, ಕಾಗದದಲ್ಲಾದರೂ 'ಅವನು' ಎನ್ನುವಷ್ಟು ಸ್ವಾತಂತ್ರ್ಯ ನನಗಿರಲಿ.) ಅವನು ನಕ್ಕ. "ರಜೆ ಅನ್ನೋದು ನೌಕರರಿಗೆ ಅಮ್ಮ. ನೀವು ಮಾಲೀಕರು. ನಿಮ್ಮ ಬದಲು ಯಾರನ್ನಾದ್ರೂ ಕಳಿಸಿ, ಒಪ್ಪಂದದಲ್ಲಿ ಇದೆಯಲ್ಲ. ಏಳು ಗಂಟೆಗೆ ವ್ಯಾನು ಬರ್ದಿದ್ರೆ ಆ ಬೀದಿ ಬೇರೆಯವರಿಗೆ," ಎಂದ.

ನೀನು ಓದು ಮುಗಿಸಿ ಕೆಲಸ ಹುಡುಕುತ್ತಾ ಮನೆಯಲ್ಲಿದ್ದೆ. ಲೈಸೆನ್ಸ್ ಇತ್ತು, ಹುಂಬ ಧೈರ್ಯವಿತ್ತು. ನನ್ನ ಜಾಕೆಟ್ ಹಾಕಿಕೊಂಡೆ, ಸಾಲಿನಲ್ಲಿ ಯಾರೂ ಗುರುತು ಹಿಡಿಯದ ಹಾಗೆ ಮುಖಕ್ಕೆ ದುಪಟ್ಟಾ ಸುತ್ತಿಕೊಂಡೆ, ಬೂಟು ಬಿಗಿಯಾಯಿತು ಅಂತ ಚಪ್ಪಲಿಯಲ್ಲೇ ಹೊರಟೆ. ನಾಲ್ಕನೇ ಮಹಡಿ ಹತ್ತುವಾಗ ಎಡಗಾಲಿನ ಪಟ್ಟಿ ಕಿತ್ತು ಬಂತು, ಪಿನ್ನು ಚುಚ್ಚಿಕೊಂಡು ಉಳಿದ ಬೀದಿ ಮುಗಿಸಿದೆ. ಅವನು ಅರ್ಧ ಗಂಟೆಗೊಂದು ಸಲ ನಿನಗೆ ಫೋನು ಮಾಡಿ, ಈ ಮನೆ ಯಾಕೆ ಮೊದಲು, ಅಲ್ಲಿ ಐದು ನಿಮಿಷ ಯಾಕೆ ನಿಂತೆ ಅಂತ ಜೀವ ತಿಂದ. ಸಂಜೆ ಆರಕ್ಕೆ, "ನಾಳೆ ನಿಮ್ಮಮ್ಮನೇ ಬರ್ಬೇಕು. ನೀನು ಬೇಡ. ಇನ್ಯಾರೂ ಬೇಡ," ಎಂದ. ನೀನು ಅಳುತ್ತಾ ಬಂದು ನನಗೆ ಹೇಳಿದೆ. ಮರುದಿನ ನಾನು ಕಾಲಿಗೆ ಪಟ್ಟಿ ಸುತ್ತಿಕೊಂಡು ಹೋದೆ. ಮೀಸೆ ಮಾಮ ಒಂದು ವಾರ ತಮ್ಮ ಬೀದಿ ಮುಗಿಸಿ ಬಂದು ನನ್ನ ಮಹಡಿಗಳನ್ನೂ ಹತ್ತಿದರು. ಆ ಮನುಷ್ಯನ ಮಂಡಿಯೇ ಸರಿಯಿಲ್ಲ, ಆದರೂ ಹತ್ತಿದರು.

ಸಾಲು ಸ್ವಲ್ಪ ಮುಂದೆ ಹೋಯಿತು. ಈಗ ಹನ್ನೊಂದನೆಯವಳು.

ಏಳು ತಿಂಗಳ ಹಿಂದೆ ನಾವು ಹನ್ನೆರಡು ಜನ ಕಾರ್ಮಿಕ ನ್ಯಾಯಾಲಯಕ್ಕೆ ಹೋದದ್ದು ನಿನಗೆ ಗೊತ್ತು. ನಾವು ಮಾಲೀಕರಲ್ಲ, ನೌಕರರು, ಬಿದ್ದರೆ ಎದ್ದರೆ ನಮಗೂ ರಜೆ ಬೇಕು ಎನ್ನುವ ಆ ಅರ್ಜಿಯನ್ನು ಕೈಯಾರೆ ಬರೆದವಳು ನಾನೇ. "ಅಕ್ಕನ ಅಕ್ಷರ ಮುತ್ತು, ಅಕ್ಕನೇ ಬರೀಲಿ, ಮೊದಲ ಸಹಿಯೂ ಅಕ್ಕನದೇ ಇರ್ಲಿ" ಎಂದರು ಮೀಸೆ ಮಾಮ. ನಾನೂ ಉಬ್ಬಿಹೋದೆ.

ಆಮೇಲೆ ಕಂಪನಿಯವರು ನ್ಯಾಯಾಲಯಕ್ಕೆ ಒಂದು ಹಳೇ ಫೋಟೋ ಹುಡುಕಿ ಕೊಟ್ಟರು. ಪಾರ್ಸೆಲ್ ಇಟ್ಟ ಮೇಲೆ ಬಾಗಿಲ ಮುಂದೆ ಫೋಟೋ ತೆಗೆಯಬೇಕಲ್ಲ, ಅವುಗಳಲ್ಲಿ ಒಂದು. ಎಷ್ಟು ಸಾವಿರ ಫೋಟೋ ಜಾಲಾಡಿದರೋ ಪುಣ್ಯಾತ್ಮರು. ಹನ್ನೆರಡು ಜನರ ಎಲ್ಲ ಫೋಟೋಗಳ ಅಂಚಿನಲ್ಲೂ ಕಪ್ಪು ಬೂಟಿನ ತುದಿ. ಇದೊಂದರಲ್ಲಿ ಮಾತ್ರ ನೀಲಿ ಪಟ್ಟಿಯ ಚಪ್ಪಲಿ, ಎಡಗಾಲಿನಲ್ಲಿ ಪಿನ್ನು ಹೊಳೆಯುತ್ತಿದೆ. ನೋಡಿ, ಇವರು ತಮ್ಮ ಬದಲು ಬೇಕಾದವರನ್ನು ಕಳಿಸುತ್ತಾರೆ, ನೌಕರರು ಹಾಗೆ ಕಳಿಸುತ್ತಾರೆಯೇ, ಇವರು ಮಾಲೀಕರೇ ಎನ್ನುವುದು ಅವರ ವಾದ. ಯಾರ ಕಾಲು ಅಂತ ವಿಚಾರಣೆಯ ದಿನ ಹೇಳುತ್ತಾರಂತೆ.

ಅದರ ಪ್ರತಿಯನ್ನು ಚಹಾ ಅಂಗಡಿಯಲ್ಲಿ ಎಲ್ಲರೂ ಕೈಯಿಂದ ಕೈಗೆ ದಾಟಿಸಿ ನೋಡಿದರು. ನಮ್ಮಲ್ಲಿ ಯಾರು ಕಳಿಸಿದ್ದು ಅಂತ ಒಬ್ಬರನ್ನೊಬ್ಬರು ಕೇಳಿದರು. ಒಬ್ಬ ಹೆಂಡತಿಯ ಕಾಲು ಹೀಗಿಲ್ಲ ಎಂದು ಆಣೆ ಮಾಡಿದ. ಮೀಸೆ ಮಾಮ, "ನಮ್ಮವಳ ಕಾಲಾದ್ರೆ ಫೋಟೋದಲ್ಲಿ ಪಾರ್ಸೆಲ್‌ಗೇ ಜಾಗ ಇರ್ತಿರ್ಲಿಲ್ಲ" ಎಂದು ನಗಿಸಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ನಾನು ನನ್ನ ಬೂಟು ನೋಡಿಕೊಂಡೆ. ನನ್ನ ಸರದಿ ಬಂದಾಗ, "ಯಾರೇ ಆಗ್ಲಿ, ಉಗುರು ಕತ್ತರಿಸಿಕೊಳ್ಳೋದು ಕಲೀಲಿ" ಎಂದೆ. ಎಲ್ಲರೂ ನಕ್ಕರು. ಮನೆಗೆ ಬಂದು ಮೊದಲು ನಿನ್ನ ಚಪ್ಪಲಿ ಅಡಗಿಸಿದೆ, ಯಾಕೆಂದರೆ ಮೀಸೆ ಮಾಮ ನಮ್ಮ ಬಾಗಿಲಲ್ಲಿ ದಿನಾ ಬೂಟು ಬಿಚ್ಚುವವರು.

ಒಂದು ವಾರ ಬಿಟ್ಟು ಸೂಪರ್‌ವೈಸರ್ ಮನೆಗೇ ಬಂದ. ನೀನು ಗೆಳತಿಯ ಮನೆಗೆ ಹೋಗಿದ್ದೆ. ನೀರು ಕುಡಿದ, ಕಾಲು ಹೇಗಿದೆ ಅಂತ ಎರಡು ವರ್ಷದ ಮೇಲೆ ವಿಚಾರಿಸಿದ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತು. ಒಂದು ಕಾಗದ ಮುಂದಿಟ್ಟ. ನಾನು ಸ್ವಂತ ಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ, ನನ್ನ ಬದಲು ಮಗಳನ್ನು ಕಳಿಸಿದೆ, ಯಾವಾಗ ಬೇಕಾದರೂ ಯಾರನ್ನು ಬೇಕಾದರೂ ಕಳಿಸುವ ಹಕ್ಕು ನನಗಿದೆ ಎಂದು ಅದರಲ್ಲಿತ್ತು. "ಇದ್ದದ್ದನ್ನೇ ಬರೆದಿದೀವಿ ಅಮ್ಮ. ನಿಮ್ಮ ಮಗಳೇ ಓಡಿಸಿದ್ದು ತಾನೇ? ನೀವೇ ಕಳಿಸಿದ್ದು ತಾನೇ?" ಎಂದ.

ಸಹಿ ಹಾಕಿದೆ ಗುಬ್ಬೀ. ಅದೇ ಮುತ್ತಿನಂಥ ಅಕ್ಷರದಲ್ಲಿ. ಯಾಕೆ ಹಾಕಿದೆ ಅಂತ ಕೇಳಬೇಡ. ವಯಸ್ಸಾಯಿತು, ಬೀದಿಗಳು ಕೈತಪ್ಪುತ್ತವೆ ಅಂತ ಹೆದರಿದೆ ಎಂದುಕೋ. ಹನ್ನೊಂದು ಜನರ ಕತ್ತು ಅವನ ಕೈಗೆ ಕೊಟ್ಟು, ಮರುದಿನ ಅವರ ಜೊತೆಯೇ ಕೂತು ಚಹಾ ಕುಡಿದೆ. ನನಗೆ ನನ್ನ ಮೇಲೆಯೇ ಹೇಸಿಗೆಯಾಗುತ್ತದೆ.

ಮೊನ್ನೆ ತಡೆಯಲಾರದೆ ನಮ್ಮ ಲಾಯರಮ್ಮನ ಹತ್ತಿರ ಹೋಗಿ ಎಲ್ಲ ಒಪ್ಪಿಕೊಂಡೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ, ಆ ದಿನದ್ದನ್ನು ಮತ್ತೊಮ್ಮೆ ಮೊದಲಿನಿಂದ ಹೇಳಿಸಿದರು. ಸೂಪರ್‌ವೈಸರ್ ಹೇಳಿದ್ದಕ್ಕೇ ಕಳಿಸಿದೆ ಎಂದು ನಾನು ಹೇಳಬಹುದು, ಆದರೆ ನನ್ನ ಸಹಿಯ ಮುಂದೆ ನನ್ನ ಮಾತು ನಿಲ್ಲುವುದಿಲ್ಲವಂತೆ. ನಾಳೆ ನೀನು ಬೇಡ, ಇನ್ಯಾರೂ ಬೇಡ ಎಂದನಲ್ಲ, ಆ ಮಾತು ಕೇಳಿದವರು ಯಾರು ಅಂತ ಕೇಳಿದರು. ಬೇಕಾದವರನ್ನು ಕಳಿಸುವ ಹಕ್ಕು ಒಂದೇ ದಿನಕ್ಕೆ ಮುಗಿದುಹೋಯಿತು ಎನ್ನುವುದಕ್ಕೆ ಅದೊಂದೇ ಸಾಕ್ಷಿ. ಓಡಿಸಿದವಳು ಯಾರೆಂದು ಕಂಪನಿಯವರೇ ತೋರಿಸಿದ ಮೇಲೆ, ಅವಳ ಮಾತನ್ನು ಅವರೇ ಅಲ್ಲಗಳೆಯಲಾರರು ಎಂದರು.

ನಾನು ನಿನ್ನ ಹೆಸರು ಹೇಳಲಿಲ್ಲ. ಮಗಳು ದೂರದಲ್ಲಿದ್ದಾಳೆ ಎಂದಷ್ಟೇ ಹೇಳಿದೆ. ನೀನು ಇದೇ ಕಂಪನಿಯ ದೊಡ್ಡ ಕಚೇರಿಯಲ್ಲಿ ಕೂತಿದ್ದೀಯ, ಗುತ್ತಿಗೆಯವಳಲ್ಲ, ನಿಜವಾದ ನೌಕರಳು ಎಂದು ಹೇಗೆ ಹೇಳಲಿ? ತಿಂಗಳಿಗೆ ಎರಡು ರಜೆ, ಕುತ್ತಿಗೆಗೆ ಗುರುತಿನ ಚೀಟಿ, ಜ್ವರ ಬಂದರೆ ಮಲಗುವ ಹಕ್ಕು. ನೀನು ಸಂದರ್ಶನದಲ್ಲಿ ಗೆದ್ದು ಗಳಿಸಿದ ಕೆಲಸ. ಇನ್ನೊಂದು ತಿಂಗಳು ಕಳೆದರೆ ಕಾಯಂ ಆಗುತ್ತದೆ. ನೀನು ಬಂದು ನನ್ನ ಕಡೆ ಸಾಕ್ಷಿ ಹೇಳಿದರೆ ಆ ಕೆಲಸ ಉಳಿಯುತ್ತದೆಯೇ? ಹೇಳದಿದ್ದರೆ ಹನ್ನೆರಡು ಜನ ಮುಳುಗುತ್ತೇವೆ. ಬಾಯಿಗೆ ಬಿಸಿ ತುಪ್ಪ ಬಿದ್ದಿದೆ, ನುಂಗಲಾರೆ, ಉಗುಳಲಾರೆ.

ವಿಚಾರಣೆ ಇನ್ನು ಹನ್ನೆರಡು ದಿನಕ್ಕೆ, ಗುರುವಾರ, ಬೆಳಿಗ್ಗೆ ಹತ್ತು ಗಂಟೆ, ಎರಡನೇ ಮಹಡಿ. ನಾನಂತೂ ಎದ್ದು ನಿಂತು ಆ ಕಾಗದ ಸುಳ್ಳು ಅಂತ ಹೇಳುವವಳೇ. ನಂಬಲಿ ಬಿಡಲಿ. ಅದಕ್ಕೂ ಮೊದಲು ಮೀಸೆ ಮಾಮನ ಮುಖ ನೋಡಿ ಹೇಳಬೇಕು, ಅದೇ ನನಗೆ ಕೋರ್ಟಿಗಿಂತ ಕಷ್ಟ. ನೀನು ಬರಬೇಡ. ಕೆಲಸ ನೋಡಿಕೋ. ನಿನ್ನ ಕಂಪನಿಯವರು ಕೇಳಿದರೆ, ಅಮ್ಮನ ವ್ಯವಹಾರ ಅಮ್ಮನಿಗೇ ಗೊತ್ತು ಎಂದುಬಿಡು. ಹೊತ್ತಿಗೆ ಸರಿಯಾಗಿ ಊಟ ಮಾಡು, ಡಬ್ಬಿ ಮರೆತು ಹೋಗಬೇಡ.

ಮುಂದಿನ ವ್ಯಾನು ಒಳಗೆ ಹೋಯಿತು, ನನ್ನ ಸರದಿ ಬಂತು. ಗೇಟಿನವನು ಗಾಡಿ ತೆಗೆಯುತ್ತೀಯೋ ಇಲ್ಲವೋ ಎನ್ನುವ ಹಾಗೆ ನೋಡುತ್ತಿದ್ದಾನೆ.

ಇಂತಿ,
ನಿನ್ನನ್ನು ಬೈದಷ್ಟೇ ಪ್ರೀತಿಸುವ
ಅಮ್ಮ

ವಿ.ಸೂ.: ಭಾನುವಾರ ಬೆಳಿಗ್ಗೆ. ಡಬ್ಬಿಗೆ ಟೇಪು ಅಂಟಿಸಿದ ಮೇಲೆ ಮತ್ತೆ ಕಿತ್ತು ಬರೆಯುತ್ತಿದ್ದೇನೆ. ಹೆದರಿ ಸಹಿ ಹಾಕಿದೆ ಎಂದದ್ದು ಸುಳ್ಳು. ಬೀದಿ ಹೋದರೆ ಹೋಗಲಿ ಎನ್ನುವಷ್ಟು ಗಟ್ಟಿ ನಿನ್ನ ಅಮ್ಮ, ನಿನಗೂ ಗೊತ್ತು. ಆ ದಿನ ಸೂಪರ್‌ವೈಸರನ ಫೈಲಿನಲ್ಲಿ ಎರಡು ಕಾಗದಗಳಿದ್ದವು. ಒಂದಕ್ಕೆ ನಾನು ಸಹಿ ಹಾಕಿದೆ. ಇನ್ನೊಂದರ ಮೇಲೆ ನಿನ್ನ ಹೆಸರಿತ್ತು. ಸಂದರ್ಶನ ಕೊಟ್ಟು ಮೂರು ತಿಂಗಳಿಂದ ನೀನು ಬಾಗಿಲು ಕಾಯುತ್ತಿದ್ದೆಯಲ್ಲ, ಆ ನೇಮಕಾತಿ ಪತ್ರ. ಅದಾದ ಐದನೇ ದಿನ ನೀನು ಲಕೋಟೆ ಒಡೆದು ಕುಣಿದೆ, ನಾನೂ ಮೊದಲ ಸಲ ಕೇಳಿದವಳ ಹಾಗೆ ನಿನ್ನ ಜೊತೆ ಕುಣಿದೆ. ನಿನಗಿಂತ ಮೊದಲು ಅದನ್ನು ಓದಿದವಳು ನಾನು. ನೀನು ಸಂದರ್ಶನದಲ್ಲಿ ನಿಜವಾಗಿ ಗೆದ್ದಿರಬಹುದು. ಅದು ನನಗೆ ಗೊತ್ತಾಗಲಿಲ್ಲ, ಇನ್ನು ನಿನಗೂ ಗೊತ್ತಾಗುವುದಿಲ್ಲ, ಆ ಪಾಪ ನನ್ನದು. ಗುರುವಾರ ನಾನು ಸಹಿಯನ್ನು ವಾಪಸು ತೆಗೆದುಕೊಂಡರೆ ಅವರು ಆ ಪತ್ರವನ್ನೂ ವಾಪಸು ಕೇಳಬಹುದು, ಅದಕ್ಕೇ ಹೇಳದೆ ಇರಲಾಗಲಿಲ್ಲ. ಮೇಲೆ ಬರಬೇಡ ಎಂದು ಬರೆದದ್ದನ್ನು ಹೊಡೆದು ಹಾಕಿಲ್ಲ, ಬಾ ಎಂದೂ ಬರೆಯಲಾರೆ. ಚಪ್ಪಲಿಯ ಪಟ್ಟಿ ಹೊಲಿಸಿ ಕಳಿಸೋಣ ಎಂದುಕೊಂಡಿದ್ದೆ, ಹೊಲಿಸಲಿಲ್ಲ. ನೀನು ಚುಚ್ಚಿದ ಪಿನ್ನು ಹಾಗೇ ಇದೆ.